ಹೋಟೆಲಿಗೊಂದು ಹೆಸರು

ಕೆಲವು ತಿಂಗಳ ಹಿಂದೆ ಒಂದು ಕಾರ್ಯದ ನಿಮಿತ್ತ ನಂಜನಗೂಡು ತಾಲ್ಲೂಕಿನ ತಗಡೂರಿಗೆ ಹೋಗಿದ್ದೆ. ತಗಡೂರೆಂದರೆ ಮೈಸೂರು ಸೀಮೆಯವರಿಗೆ ಮೊದಲು ನೆನಪಿಗೆ ಬರುವುದು ಖಾದಿ. ಅದರೊಡನೆಯೇ ಗಾಂಧೀಜಿಯವರ ಮಾರ್ಗದಲ್ಲಿ ನಡೆದ ತಗಡೂರು ರಾಮಚಂದ್ರರಾಯರು. ನನಗಾದರೋ ಆ ಮಧ್ಯಾಹ್ನದ ಬಿಸಿಲಿನಲ್ಲಿ ನೆನಪಿಗೆ ಬಂದದ್ದು ಕಾಫಿ. ರಸ್ತೆಯ ಬದಿಯಲ್ಲಿ ಒಂದು ಸಣ್ಣ ಹೋಟೆಲು ಕಣ್ಣಿಗೆ ಬಿತ್ತು. ನಾಲ್ಕು ಬೆಂಚು, ಒಂದು ಒಲೆ, ಗಾಜಿನ ಪೆಟ್ಟಿಗೆಯಲ್ಲಿ ಬೋಂಡ, ಗೋಡೆಯ ಮೇಲೆ ದೇವರ ಪಟ. ಬೋರ್ಡು ಮಾತ್ರ ಇರಲಿಲ್ಲ. ಬೋರ್ಡಿಲ್ಲದ ಹೋಟೆಲಿನಲ್ಲಿ ಕಾಫಿ ಚೆನ್ನಾಗಿರುತ್ತದೆಂಬುದು ನನ್ನ ಬಹುಕಾಲದ ನಂಬಿಕೆ. ಹೆಸರಿನ ಬಲವಿಲ್ಲದ ಮೇಲೆ ಅದು ಡಿಕಾಕ್ಷನ್ನಿನ ಬಲದಿಂದಲೇ ಬದುಕಬೇಕಷ್ಟೆ! ಆ ದಿನವೂ ನನ್ನ ನಂಬಿಕೆಗೆ ಭಂಗ ಬರಲಿಲ್ಲ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನೆಂದು ಮಾತಿನ ನಡುವೆ ತಿಳಿದ ಕೂಡಲೆ ಹೋಟೆಲಿನ ಯಜಮಾನ ಕೈಯೊರಸಿಕೊಂಡು ಹತ್ತಿರ ಬಂದ. “ಸಾರ್, ತಮ್ಮಿಂದ ಒಂದು ಉಪಕಾರ ಆಗ್ಬೇಕು. ಫ್ಲೆಕ್ಸು ಹಾಕಿಸಿದರೆ ಒಂದೇ ಮಳೆಗಾಲಕ್ಕೆ ಹರಿದುಹೋಗುತ್ತೆ ಅಂತ ತಗಡೇ ಮಾಡಿಸಿದೀನಿ. ಬಣ್ಣ ಹೊಡೆಯೋನೂ ಒಪ್ಪಿದಾನೆ. ಹೆಸರೊಂದೇ ಬಾಕಿ. ತಾವು ಓದಿದೋರು, ಒಂದು ಒಳ್ಳೆ ಹೆಸರು ಹೇಳಿ” ಎಂದ.

ತಗಡೂರಿನಲ್ಲಿ ತಗಡು ಸಿದ್ಧವಾಗಿ ಹೆಸರಿಲ್ಲದೆ ಕಾದಿದೆ! ಈ ಸೊಗಸಿಗೆ ಮನಸೋತು ಒಂದು ವಾರದ ಅವಧಿ ಬೇಡಿ ಮೈಸೂರಿಗೆ ಹಿಂತಿರುಗಿದೆ. ಹೆಸರಿಡುವುದೇನು ಮಹಾ ಕೆಲಸ, ಎಂದು ಕೇಳುಗರು ಎನ್ನಬಹುದು. ಮಕ್ಕಳಿಗಾದರೆ ಅಜ್ಜ ಅಜ್ಜಿಯರ ಹೆಸರು ಸಿದ್ಧವಾಗಿರುತ್ತದೆ, ಅಂಗಡಿಗೆ ಅಜ್ಜನಿಲ್ಲ. ಮೈಸೂರಿನವರು ಈ ಕಲೆಯಲ್ಲಿ ಹಿಂದೆ ಬಿದ್ದವರಲ್ಲವೆಂಬುದೊಂದೇ ನನಗೆ ಧೈರ್ಯ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ರೇಡಿಯೋ ನಿಲಯಕ್ಕೆ ಇಲ್ಲಿ ಬಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋವಿಗೆ ಹೆಸರಾಯಿತು. ಆಕಾಶಕ್ಕೆ ಹೆಸರಿಟ್ಟವರ ಊರಿನವನು ಹೋಟೆಲಿಗೆ ಹೆಸರಿಡಲಾರದೆ ಹೋದೇನೆ?

ಇಂಗ್ಲಿಷ್ ಮೇಷ್ಟ್ರು ಎಲ್ಲಕ್ಕೂ ಮೊದಲು ಇಂಗ್ಲೆಂಡನ್ನು ನೋಡುವುದು ವಾಡಿಕೆ. ಆ ದೇಶದಲ್ಲಿ ಊರೂರಿಗೂ ‘ಪಬ್’ ಎಂಬ ಪಾನಗೃಹವುಂಟು. ಪ್ರತಿಯೊಂದು ಪಬ್ಬಿಗೂ ಒಂದು ಹೆಸರು, ಹೆಸರಿಗೊಂದು ಚಿತ್ರದ ಹಲಗೆ. ಆ ಹೆಸರುಗಳನ್ನು ಒಟ್ಟುಗೂಡಿಸಿದರೆ ಅದೇ ಒಂದು ಹಾಸ್ಯಗ್ರಂಥವಾಗುತ್ತದೆ. ‘ಹಂದಿ ಮತ್ತು ಸಿಳ್ಳು’ ಎಂದೊಂದು. ‘ಬೆಕ್ಕು ಮತ್ತು ಪಿಟೀಲು’ ಎಂದೊಂದು. ‘ಜೆರೂಸಲೇಮ್ ಯಾತ್ರೆ’ ಎಂಬ ಹೆಸರಿನದು ನಾಟಿಂಗ್‌ಹ್ಯಾಮಿನಲ್ಲಿದೆ. ತಾನು 1189ರಿಂದಲೂ ಇದ್ದೇನೆಂದು ಅದು ಹೇಳಿಕೊಳ್ಳುತ್ತದೆ. ಅಂಥ ವಯಸ್ಸನ್ನು ಪ್ರಶ್ನಿಸುವುದು ಮರ್ಯಾದೆಯಲ್ಲವೆಂದು ಸುಮ್ಮನಿರಬೇಕು. ಸ್ಟೇಲಿಬ್ರಿಜ್ ಎಂಬ ಒಂದೇ ಊರಿನಲ್ಲಿ ‘ಕ್ಯೂ’ ಎಂಬ ಒಂದಕ್ಷರದ ಪಬ್ಬೂ, ‘ಹಳೆಯ ಹದಿಮೂರನೆಯ ಚೆಷೈರ್ ಆಸ್ಟ್ಲಿ ಸ್ವಯಂಸೇವಕ ಬಂದೂಕುದಾರರ ದಳದ ವಸತಿಗೃಹ’ ಎಂಬರ್ಥದ ಅತಿ ದೀರ್ಘನಾಮದ ಪಬ್ಬೂ ಇದ್ದುವು. ಎರಡನೆಯದರ ಹೆಸರನ್ನು ತಡವರಿಸದೆ ಹೇಳಬಲ್ಲವನಿಗೆ ಇನ್ನೂ ಒಂದು ಲೋಟ ಕೊಡಬಹುದೆಂದು ಯಜಮಾನನಿಗೆ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ?

ಕವಿ ವರ್ಡ್ಸ್‌ವರ್ತ್ ಬಾಳಿದ ಸರೋವರಗಳ ಸೀಮೆಯಲ್ಲಿ ‘ಅಮಲೇರಿದ ಬಾತುಕೋಳಿ’ ಎಂಬ ಪಬ್ಬುಂಟು. ಅದರ ಕಥೆ ಹೀಗೆ ಹೇಳುವರು: ಒಂದು ದಿನ ಯಜಮಾನಿತಿ ಹೊರಗೆ ಬಂದು ನೋಡಲು ಅವಳ ಬಾತುಕೋಳಿಗಳೆಲ್ಲ ರಸ್ತೆಯಲ್ಲಿ ಸತ್ತು ಬಿದ್ದಿದ್ದುವು. ಅಳುತ್ತ ಕೂತರೆ ಅಡಿಗೆ ಆಗುವುದೆ? ಪುಕ್ಕ ಕೀಳತೊಡಗಿದಳು. ಅರ್ಧ ಕೆಲಸ ಮುಗಿಯುವ ಹೊತ್ತಿಗೆ ಬಾತುಗಳು ಒಂದೊಂದಾಗಿ ಕಣ್ಣುಬಿಟ್ಟವಂತೆ. ಪೀಪಾಯಿ ಸೋರಿ, ಅವು ಮೇಯುವ ಕಾಲುವೆಗೆ ಮದ್ಯ ಹರಿದಿತ್ತು. ಅವು ಸತ್ತಿರಲಿಲ್ಲ, ಮತ್ತೇರಿ ಮಲಗಿದ್ದುವು. ಪಶ್ಚಾತ್ತಾಪದಿಂದ ಆಕೆ ಅವಕ್ಕೆಲ್ಲ ಉಣ್ಣೆಯ ಕುಪ್ಪಸ ಹೆಣೆದು ತೊಡಿಸಿದಳಂತೆ.

ಇನ್ನು ಕೆಲವು ಹೆಸರುಗಳಿಗೆ ಪಂಡಿತರು ಮೂಲ ಹುಡುಕಲು ಹೋಗಿ ತಾವೇ ತಮಾಷೆಯಾಗಿದ್ದಾರೆ. ‘ಮೇಕೆ ಮತ್ತು ಕೈವಾರ’ ಎಂಬ ಹೆಸರು ‘ದೇವರು ನಮ್ಮನ್ನು ಸುತ್ತುವರಿದಿದ್ದಾನೆ’ ಎಂಬ ಅರ್ಥದ ಇಂಗ್ಲಿಷ್ ಮಾತು ಜನರ ಬಾಯಲ್ಲಿ ಕೆಟ್ಟು ಆದದ್ದೆಂದು ಹೇಳುವವರುಂಟು. ಲಂಡನ್ನಿನ ‘ಆನೆ ಮತ್ತು ಕೋಟೆ’ ಎಂಬುದು ಸ್ಪೇನಿನ ರಾಜಕುಮಾರಿಯೊಬ್ಬಳ ಬಿರುದಿನ ಅಪಭ್ರಂಶವೆಂದು ಇನ್ನೊಬ್ಬರು. ಇಂಥ ಮಾತನ್ನು ನಂಬಲಾಗದು. ಕತ್ತಿ ಚಾಕುಗಳನ್ನು ಮಾಡುವವರ ಸಂಘದ ಲಾಂಛನದಲ್ಲಿಯೇ, ಬೆನ್ನ ಮೇಲೆ ಗೋಪುರ ಹೊತ್ತ ಆನೆಯಿದೆ. ಹಿಡಿಗೆ ದಂತ ಬೇಕಲ್ಲವೆ? ವಿಜಯದಶಮಿಯ ಜಂಬೂಸವಾರಿಯನ್ನು ನೋಡಿದ ಮೈಸೂರಿನ ಮಗುವನ್ನು ಕೇಳಿದ್ದರೂ ಅದು ಅಂಬಾರಿಯೆಂದು ಹೇಳುತ್ತಿತ್ತು. ಹೀಗೆ ನೋಡಿದರೆ ತಗಡೂರು ಸಹ ತಗಡಿನ ಬೋರ್ಡಿನಿಂದ ಹುಟ್ಟಿದ ಊರೆಂದು ನಾಳೆ ಯಾರಾದರೂ ಸಾಧಿಸಬಹುದು. ಅಂಥವರ ಅವಗಾಹನೆಗಾಗಿ ಹೇಳುತ್ತೇನೆ: ತಮಿಳುನಾಡಿನ ಧರ್ಮಪುರಿಗೂ ಪೂರ್ವದಲ್ಲಿ ತಗಡೂರೆಂದೇ ಹೆಸರಿತ್ತು, ಅದು ಅಂಗಡಿಗಳಿಗೆ ತಗಡಿನ ಬೋರ್ಡು ಹಾಕುವುದಕ್ಕೆ ಬಹಳ ಶತಮಾನಗಳ ಹಿಂದೆ.

ಈ ವಿನೋದದ ಹಿಂದೆ ಒಂದು ಗಂಭೀರವಾದ ಕಾರಣವಿದೆ. 1393ರಲ್ಲಿ ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ, ಲಂಡನ್ನಿನಲ್ಲಿ ಮದ್ಯ ಮಾರುವವನು ಮನೆಯ ಮುಂದೆ ಗುರುತು ತೂಗುಹಾಕತಕ್ಕದ್ದು, ತಪ್ಪಿದರೆ ಮದ್ಯವನ್ನು ಕಳೆದುಕೊಳ್ಳತಕ್ಕದ್ದು, ಎಂದು ಆಜ್ಞೆಯಾಯಿತು. ಮದ್ಯದ ಗುಣವನ್ನು ಪರೀಕ್ಷಿಸುವ ಅಧಿಕಾರಿಗೆ ಅಂಗಡಿ ಗೊತ್ತಾಗಬೇಕಲ್ಲವೆ? ಆ ಕಾಲದ ಜನಸಾಮಾನ್ಯರಿಗೆ ಓದು ಬಾರದು. ಆದುದರಿಂದ ಅಕ್ಷರಕ್ಕೆ ಬದಲಾಗಿ ಚಿತ್ರ ಬಂದಿತು: ಕೆಂಪು ಸಿಂಹ, ಕಿರೀಟ, ನೇಗಿಲು, ರಿಚರ್ಡನ ಸ್ವಂತ ಲಾಂಛನವಾದ ಬಿಳಿಯ ಜಿಂಕೆ. 1651ರಲ್ಲಿ ಯುದ್ಧದಲ್ಲಿ ಸೋತ ಎರಡನೆಯ ಚಾರ್ಲ್ಸ್ ಒಂದು ಓಕ್ ಮರದಲ್ಲಿ ಅಡಗಿ ಪ್ರಾಣ ಉಳಿಸಿಕೊಂಡನು. ಅವನು ಪಟ್ಟಕ್ಕೆ ಬಂದ ಮೇಲೆ ‘ರಾಜನ ಓಕ್ ಮರ’ ನೂರಾರು ಪಬ್ಬುಗಳ ಹಲಗೆಯನ್ನೇರಿತು. ಹಲಗೆಗೂ ಮೊದಲು ಬಾಗಿಲ ಮುಂದೆ ಒಂದು ಕೋಲಿಗೆ ಸೊಪ್ಪಿನ ಕಂತೆ ಕಟ್ಟುತ್ತಿದ್ದರು. ಒಳ್ಳೆಯ ಮದ್ಯಕ್ಕೆ ಸೊಪ್ಪು ಬೇಡವೆಂಬ ಅವರ ಗಾದೆ ಹುಟ್ಟಿದ್ದು ಇದರಿಂದ. ನೋಡಿ, ಇಂಗ್ಲೆಂಡಿನ ಹಲಗೆ ಓದಲಾರದವನನ್ನು ಒಳಗೆ ಕರೆಯುವುದಕ್ಕಾಗಿ ಹುಟ್ಟಿದ್ದು. ಈ ಮಾತನ್ನು ಕೇಳುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ನನಗೆ ಇದರಿಂದ ಕೆಲಸವಿದೆ.

ನಮ್ಮಲ್ಲಿ ಪಾನಗೃಹಕ್ಕೆ ಹೆಸರಿತ್ತೆ? ಹೆಂಡದಂಗಡಿಗೆ ಬಹುಮಟ್ಟಿಗೆ ಹೆಸರೇ ಇರಲಿಲ್ಲ. ಹರಾಜಿನಲ್ಲಿ ಕೂಗಿ ಹಿಡಿಯುವ ಗುತ್ತಿಗೆದಾರ ಬದಲಾಗುತ್ತಿದ್ದ. ಊರಿನವರ ಪಾಲಿಗೆ ಅದು ಹೆಂಡದಂಗಡಿ, ಅಷ್ಟೆ. ಹೋಗುವವನಿಗೆ ದಾರಿ ಗೊತ್ತು, ಹೋಗದವನಿಗೆ ಹೆಸರು ಬೇಡ. ನಮ್ಮ ಬೋರ್ಡೆಂದರೆ ಈಚಲ ಮರವೇ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುವರೆಂಬ ಗಾದೆಯನ್ನು ಯಾರು ಕೇಳಿಲ್ಲ? ಅವರು ಸೊಪ್ಪನ್ನು ತಂದು ಕಟ್ಟಿದರು. ನಮ್ಮಲ್ಲಿ ಮರವೇ ನಿಂತು ಸಾಕ್ಷಿ ಹೇಳಿತು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಹೊರಟಾಗ ಅವರು ಕಡಿದದ್ದು ಅಂಗಡಿಯ ಹಲಗೆಯನ್ನಲ್ಲ, ಈಚಲ ಮರಗಳನ್ನು.

ಮುಂದೆ ಪಾನನಿರೋಧ ಬಂದು, 1967ರಲ್ಲಿ ಸಡಿಲಿತು. 2007ರ ಜುಲೈ 1ರಿಂದ ಸಾರಾಯಿ ನಿಂತುಹೋಯಿತು. ಈಗ ಉಳಿದಿರುವುದು ‘ವೈನ್ಸ್’ ಎಂಬ ಬಹುವಚನದ ಅಂಗಡಿ. ಅಲ್ಲಿ ವೈನನ್ನು ಬಿಟ್ಟು ಮಿಕ್ಕೆಲ್ಲವನ್ನೂ ಜನ ಕೇಳುವರು. ನಮ್ಮ ಹೆಂಡದಂಗಡಿಗೆ ಬಹುಕಾಲ ಇಲ್ಲದಿದ್ದ ಹೆಸರು ಬಂದಾಗ ನೇರವಾಗಿ ದೇವಲೋಕದಿಂದಲೇ ಬಂದಿತು. ಲಕ್ಷ್ಮಿ, ವೆಂಕಟೇಶ್ವರ, ಮಂಜುನಾಥ, ಇವರಲ್ಲಿ ಯಾರ ಹೆಸರೂ ಆ ಬೋರ್ಡಿನಿಂದ ತಪ್ಪಿಸಿಕೊಂಡಿಲ್ಲ. ಹೆಸರಿನ ಹಿಂದೆ ‘ಶ್ರೀ’ ಸಹ ಇರುವುದು. ಈ ವ್ಯಾಪಾರಕ್ಕೆ ದೇವರೊಬ್ಬನ ಹೆಸರೇ ಬೇಕೆಂದಾದರೆ ನನ್ನ ಅಭಿಪ್ರಾಯದಲ್ಲಿ ನಂಜನಗೂಡಿನ ಸ್ವಾಮಿಯದಷ್ಟೇ ಸಲ್ಲುತ್ತದೆ. ನಂಜುಂಡನೆಂದರೆ ವಿಷ ಕುಡಿದವನು. ಆದರೆ ಆತ ಕುಡಿದದ್ದು ಲೋಕವನ್ನು ಉಳಿಸುವುದಕ್ಕೆ; ಗಂಟಲಿನಿಂದ ಕೆಳಗೆ ಇಳಿಯಗೊಡಲೂ ಇಲ್ಲ. ಗಿರಾಕಿಗಳೆಲ್ಲ ಈ ಎರಡು ನಿಯಮಗಳನ್ನು ಪಾಲಿಸುವುದಾದರೆ ಅಂಗಡಿಗೆ ಆ ಹೆಸರಿಡಲು ನನ್ನ ಅಡ್ಡಿಯಿಲ್ಲ.

ತಗಡೂರಿನ ಹೋಟೆಲಿಗೆ ಬೇಕಾದದ್ದು ಕಾಫಿಗೆ ಒಪ್ಪುವ ಹೆಸರು. ಅದಕ್ಕಾಗಿ ನಮ್ಮ ಹೋಟೆಲುಗಳ ಹೆಸರುಗಳನ್ನು ಪಟ್ಟಿಮಾಡಿದೆ. ‘ಹೋಟೆಲು’ ಎಂಬ ಮಾತೇ ಮೊದಲನೆಯ ವಿನೋದ. ಇಂಗ್ಲಿಷರಿಗೆ ಅದು ಮಲಗುವ ಸ್ಥಳ. ನಮಗೆ ದೋಸೆಯ ಸ್ಥಳ. ಮಂಚವನ್ನು ಹುಡುಕಿ ಬಂದ ಪರದೇಶದವನ ಮುಂದೆ ನಾವು ಇಡ್ಲಿ ಇಡುತ್ತೇವೆ. ಎರಡನೆಯದು ‘ಮಿಲಿಟರಿ ಹೋಟೆಲು’. ಅಲ್ಲಿ ಸಿಪಾಯಿಯೂ ಇಲ್ಲ, ಬಂದೂಕವೂ ಇಲ್ಲ. ಇರುವುದು ಮಾಂಸದ ಸಾರು ಮತ್ತು ಮುದ್ದೆ. ಹಿಂದೆ ಮರಾಠರ ದಂಡಿನವರಿಗೆ ಅಡಿಗೆ ಮಾಡಿದವರಿಂದ ಈ ಹೆಸರು ಬಂದಿತೆಂದು ಕೆಲವರೂ, ಮಹಾಯುದ್ಧದ ಕಾಲದ ಸಿಪಾಯಿಗಳಿಂದ ಬಂದಿತೆಂದು ಕೆಲವರೂ ಹೇಳುವರು. ಕೋಳಿಗಳ ದೃಷ್ಟಿಯಿಂದ ನೋಡಿದರೆ ಹೆಸರು ಯಥಾರ್ಥವಾದದ್ದೇ. ಉತ್ತರದ ಕಡೆಗೆ ಹೋದರೆ ಖಾನಾವಳಿ: ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ‘ವಿದ್ಯಾರ್ಥಿ ಭವನ’ ಇನ್ನೊಂದು. ಅಲ್ಲಿ ದೋಸೆಗಾಗಿ ಕಾಯುವ ತಲೆನರೆತವರನ್ನು ನೋಡಿದರೆ ವಿದ್ಯೆಗೆ ಕೊನೆಯೆಂಬುದಿಲ್ಲವೆಂದು ಯಾರಿಗಾದರೂ ಮನವರಿಕೆಯಾಗುವುದು.

ನನಗೆ ಎಲ್ಲಕ್ಕಿಂತ ರುಚಿಸಿದ್ದು ‘ಕಾಫಿ ಕ್ಲಬ್ಬು’. ಬೆಂಗಳೂರಿನಲ್ಲಿ 1924ರಲ್ಲಿ ಉಡುಪಿಯ ಕಡೆಯ ಮಯ್ಯ ಸಹೋದರರು ತೆರೆದ ಹೋಟೆಲಿಗೆ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದು ಹೆಸರಿತ್ತು. ಆ ಕಾಲದಲ್ಲಿ ದಕ್ಷಿಣದೇಶದ ಊರುಗಳಲ್ಲೆಲ್ಲ ಇಂಥ ಬೋರ್ಡುಗಳು ಸರ್ವೇಸಾಮಾನ್ಯ. ಕ್ಲಬ್ಬೆಂದ ಮೇಲೆ ಸದಸ್ಯರಿರಬೇಕು, ಚಂದಾ ಇರಬೇಕು, ಚುನಾವಣೆಯಲ್ಲಿ ಜಗಳವೂ ಇರಬೇಕು. ಈ ಕ್ಲಬ್ಬುಗಳಲ್ಲಿ ಅದೊಂದೂ ಇಲ್ಲ. ಸದಸ್ಯನಾಗಲು ಅರ್ಜಿ ಬೇಡ, ಹುಟ್ಟಿದರೆ ಸಾಕು! ಈ ಮಾತು ನನಗೆ ಬಹಳ ಚಮತ್ಕಾರವಾಗಿ ತೋರಿ, ಪಟ್ಟಿಯ ಪಕ್ಕದಲ್ಲಿ ಬರೆದುಕೊಂಡೆ.

ವಾರದ ಮೇಲೆ ಪಟ್ಟಿ ಹಿಡಿದು ತಗಡೂರಿಗೆ ಹೋದೆ. ಯಜಮಾನ ಕಾಫಿ ಕೊಟ್ಟ. ಸಂಜೆಯ ಹೊತ್ತಾದುದರಿಂದ ಹತ್ತು ಹನ್ನೆರಡು ಮಂದಿ ಬೆಂಚುಗಳ ಮೇಲೆ ಸೇರಿದ್ದರು. ಈಗ ನಿಮಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಅಮಲೇರಿದ ಬಾತುಕೋಳಿಗೆ ಎಲ್ಲರೂ ನಕ್ಕರು. ಮಿಲಿಟರಿ ಹೋಟೆಲಿಗೆ ಇನ್ನೂ ಹೆಚ್ಚಾಗಿ ನಕ್ಕರು. ಕೊನೆಗೆ ಕಾಫಿ ಕ್ಲಬ್ಬಿನ ಸದಸ್ಯತ್ವದ ಚಮತ್ಕಾರವನ್ನು ಬಿಟ್ಟೆ. ನಗೆ ಎದ್ದಿತು. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಮಾತ್ರ ನಗಲಿಲ್ಲ. ಎಂಬತ್ತೈದು ದಾಟಿದವರು; ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರೆಂದು ಆಮೇಲೆ ತಿಳಿಯಿತು.

“ಮೇಷ್ಟ್ರೇ,” ಎಂದರು ಅವರು, “ನಾನು ಅಕ್ಷರ ಕಲಿತ ಹೊಸದರಲ್ಲಿ ಕಂಡಿದ್ದನ್ನೆಲ್ಲ ಓದುತಿದ್ದೆ. ಮೈಲಿಗಲ್ಲು ಓದುತಿದ್ದೆ, ಬೆಂಕಿಪೊಟ್ಟಣ ಓದುತಿದ್ದೆ. ಒಂದು ದಿನ ನಮ್ಮಪ್ಪನ ಜೊತೆ ಪೇಟೆಗೆ ಹೋಗಿದ್ದಾಗ ಒಂದು ಹೋಟ್ಲು ಬೋರ್ಡನ್ನ ಗಟ್ಟಿಯಾಗಿ ಓದಿಬಿಟ್ಟೆ. ನಮ್ಮಪ್ಪ ಬಾಯಿ ಮುಚ್ಚಿಸಿ ಕೈ ಹಿಡಿದು ಎಳಕೊಂಡು ಹೋದ. ಅದಕ್ಕೆ ಮುಂಚೆ ಆ ಬಾಗಿಲ ಮುಂದೆ ಎಷ್ಟೋ ಸಲ ಹೋಗಿದ್ದೆ. ದೋಸೆ ವಾಸನೆ ಬರೋ ಬಾಗಿಲು ಅಂತ ಗೊತ್ತಿತ್ತು, ಅಷ್ಟೆ. ಓದೋಕೆ ಬಂದ ಮೇಲೇ ಅದು ನನಗಲ್ಲ ಅಂತ ಗೊತ್ತಾದ್ದು.”

ಸ್ವಲ್ಪ ತಡೆದು, “ನಮಗೆ ಕಾಫಿ ಸಿಗ್ತಿರಲಿಲ್ಲ ಅಂತಲ್ಲ. ಬೇರೆ ಕಡೆ ಸಿಗೋದು. ಹಿಂದುಗಡೆ ನಿಂತರೆ ತೆಂಗಿನ ಚಿಪ್ಪಿಗೆ ಮೇಲಿಂದ ಹುಯ್ಯೋರು” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುವಂತೆಯೇ ಹೇಳಿದರು.

ನನ್ನ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟೆ. ಅವರ ತಂದೆಗೆ ಓದು ಬಾರದು. ಆದರೂ ಆತನಿಗೆ ಬೋರ್ಡು ಏನು ಹೇಳುತ್ತದೆಂಬುದು ಗೊತ್ತಿತ್ತು. ಮಗನನ್ನು ಓದಲು ಕಳುಹಿಸಿದ ಆ ಮನುಷ್ಯ, ಮಗ ಓದಿದ ದಿನವೇ ಅವನ ಬಾಯಿ ಮುಚ್ಚಬೇಕಾಯಿತು. ಇಂಗ್ಲೆಂಡಿನ ಹಲಗೆ ಓದಲಾರದವನನ್ನು ಕರೆಯಲು ಹುಟ್ಟಿತೆಂದು ಹೇಳಿದೆನಷ್ಟೆ. ನಮ್ಮ ಬೋರ್ಡು ಓದಬಲ್ಲವನನ್ನು ಹೊರಗೆ ನಿಲ್ಲಿಸಲು ಬರೆದದ್ದು. ಆ ಬೋರ್ಡಿನಲ್ಲಿ ‘ನೀನು ಬರಬೇಡ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಬರತಕ್ಕವರು ಯಾರೆಂದು ಮಾತ್ರ, ಮರ್ಯಾದೆಯಾಗಿ, ಅಂದವಾದ ಅಕ್ಷರದಲ್ಲಿ ಬರೆದಿತ್ತು. ನಗುವುದು ಬಿಡುವುದು ನಾವು ಬಾಗಿಲಿನ ಯಾವ ಕಡೆ ನಿಂತಿದ್ದೇವೆಂಬುದರ ಮೇಲೆ ಹೋಗುತ್ತದೆ. ಇಂಗ್ಲೆಂಡಿನಲ್ಲಿಯೂ ‘ಮೌನವಾದ ಹೆಂಗಸು’ ಎಂಬ ಪಬ್ಬುಗಳಿವೆ. ಹಲಗೆಯ ಮೇಲೆ ತಲೆಯಿಲ್ಲದ ಹೆಂಗಸಿನ ಚಿತ್ರ. ಹಾರ್ಡಿಯ ಕಾದಂಬರಿಯೊಂದರಲ್ಲಿ ಅಂಥದೊಂದು ಬರುತ್ತದೆ. ಅದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆ. ಹುಡುಗಿಯರ ಬೆಂಚಿನಲ್ಲಿ ಯಾರು ನಕ್ಕರು, ಯಾರು ನಗಲಿಲ್ಲ, ಎಂದು ಒಮ್ಮೆಯೂ ನೋಡಿದವನಲ್ಲ.

1934ರ ಜನವರಿಯಲ್ಲಿ ಗಾಂಧೀಜಿಯವರು ಹರಿಜನಸೇವೆಯ ಪ್ರವಾಸದಲ್ಲಿ ಮೈಸೂರು ಸೀಮೆಗೆ ಬಂದಿದ್ದರು. ಆ ಕಾಲದಿಂದ ದೇಶ ಬಹಳ ದೂರ ನಡೆದಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ಅನುಚ್ಛೇದ, ಅಂಗಡಿ ಹೋಟೆಲುಗಳ ಪ್ರವೇಶಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ಅಂಗಡಿ ಹೋಟೆಲುಗಳ ಹೆಸರು ಹಿಡಿದೇ ಹೇಳುತ್ತದೆ. ಒಂದು ದೇಶದ ಮೂಲಶಾಸನ ಕಾಫಿ ಕುಡಿಯುವ ಜಾಗವನ್ನು ನೆನೆಯಬೇಕಾಯಿತೆಂದರೆ ನಮ್ಮ ಬಾಗಿಲುಗಳು ಹೇಗಿದ್ದಿರಬೇಕು! 1955ರಲ್ಲಿ ಅಸ್ಪೃಶ್ಯತೆಯನ್ನು ಆಚರಿಸುವುದಕ್ಕೆ ದಂಡನೆ ವಿಧಿಸುವ ಕಾನೂನು ಬಂದಿತು. 1957ರಲ್ಲಿ ಮದರಾಸಿನಲ್ಲಿ, ಹೋಟೆಲೊಂದರ ಬೋರ್ಡಿನಿಂದ ಒಂದು ಜಾತಿಯ ಹೆಸರನ್ನು ತೆಗೆಯಿಸುವುದಕ್ಕಾಗಿ ಪೆರಿಯಾರರ ಅನುಯಾಯಿಗಳು ಚಳವಳಿ ಹೂಡಿದರು. ಬೆಂಗಳೂರಿನ ಆ 1924ರ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಜಾತಿಯ ಹೆಸರಿದ್ದ ಕಡೆ ಬಡಾವಣೆಯ ಹೆಸರು ಬಂದಿತು. ಇಂದು ಆ ಬಾಗಿಲಲ್ಲಿ ಕಾಯುವವರ ಸಾಲಿನಲ್ಲಿ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. ಎಷ್ಟು ಮಂದಿ ಇದ್ದಾರೆಂದು ಮಾತ್ರ ಕೇಳುತ್ತಾರೆ. ಆದರೂ ಬೋರ್ಡಿನಿಂದ ಇಳಿದ ಭೇದ ಲೋಟದೊಳಕ್ಕೆ ಇಳಿದು ಕುಳಿತ ಊರುಗಳುಂಟು. ಕೆಲವರಿಗೆ ಒಂದು ಲೋಟ, ಉಳಿದವರಿಗೆ ಇನ್ನೊಂದು. ಆ ಇನ್ನೊಂದನ್ನು ಕುಡಿದವರೇ ತೊಳೆದಿಡಬೇಕು. ಅದಕ್ಕೆ ಬೋರ್ಡು ಬೇಕಿಲ್ಲ, ಈಚಲ ಮರವೂ ಬೇಕಿಲ್ಲ.

ಇದೆಲ್ಲ ನನ್ನ ಮನಸ್ಸಿನಲ್ಲಿ ಓಡಿದ್ದು. ಯಜಮಾನನಿಗೆ ಇದರಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಹೆಸರು. ಅವನು ಕಾಯುತ್ತಿದ್ದ. ನಾನು ಹಿರಿಯರ ಕಡೆಗೆ ತಿರುಗಿ, “ಮೇಷ್ಟ್ರೇ, ತಾವೇ ಒಂದು ಹೆಸರು ಹೇಳಬೇಕು” ಎಂದೆ.

“ನನಗೆ ಯಾಕೆ ಬಿಡಿ. ಆ ಇಂಗ್ಲೆಂಡಿನೋರು ಮಾಡಿದ ಹಾಗೆ ಮಾಡಿದರೆ ಆಗಲ್ವೆ? ಓದು ಬಂದವನಿಗೂ ಬರದವನಿಗೂ ಒಂದೇ ಥರ ತಿಳಿಯುತ್ತೆ” ಎಂದರು ಅವರು.

ಯಜಮಾನ ಚಿಂತೆಗೆ ಬಿದ್ದ. “ಚಿತ್ರ ಅಂದ್ರೆ ಬಣ್ಣದೋನು ಜಾಸ್ತಿ ಕೇಳ್ತಾನೆ ಸಾರ್” ಎಂದ. ಆ ಹೆಚ್ಚಿನ ಹಣವನ್ನು ನಾನು ಕೊಡುವೆನೆಂದೆ. ಅವನು ಒಪ್ಪಲಿಲ್ಲ. ಕೊನೆಗೆ ಅರ್ಧ ನನ್ನದು, ಅರ್ಧ ಅವನದು ಎಂದು ತೀರ್ಮಾನವಾಯಿತು.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಬೋರ್ಡು ಏರಿದೆ. ಹಸುರು ತಗಡಿನ ಮೇಲೆ ಹಬೆಯಾಡುವ ಒಂದು ಕಾಫಿ ಲೋಟ. ಅಕ್ಷರವೆಂಬುದು ಒಂದೂ ಇಲ್ಲ. ಬಣ್ಣದವನು ಹಬೆಯನ್ನು ಸ್ವಲ್ಪ ಉದಾರವಾಗಿಯೇ ಬಳಿದಿರುವುದರಿಂದ ದೂರದಿಂದ ನೋಡಿದರೆ ಮನೆಗೆ ಬೆಂಕಿ ಬಿದ್ದಂತೆ ಕಾಣುತ್ತದೆ. ಹುಡುಗರು ಆಗಲೇ ಅದನ್ನು ‘ಲೋಟದ ಹೋಟ್ಲು’ ಎನ್ನತೊಡಗಿದ್ದಾರೆ. ಹೀಗೆ ನಾನು ಇಡಲಾರದೆ ಹೋದ ಹೆಸರನ್ನು ಊರೇ ಇಟ್ಟುಕೊಂಡಿತು.

ಹಿರಿಯ ಮೇಷ್ಟ್ರು ಅದೇ ಮೂಲೆಯಲ್ಲಿ ಕುಳಿತಿದ್ದರು. ಬೋರ್ಡು ಹೇಗಿದೆಯೆಂದು ಕೇಳಿದೆ. ಅವರು ಎದ್ದು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. “ಹೊಗೆ ಜಾಸ್ತಿಯಾಯ್ತು,” ಎಂದರು, “ಆದ್ರೂ ಪರವಾಗಿಲ್ಲ. ಒಂದೇ ಲೋಟ ಬರೆಸಿದೀರಿ.”

ಆಮೇಲೆ ಇಬ್ಬರೂ ಒಳಗೆ ಹೋಗಿ ಕಾಫಿ ಕುಡಿದೆವು.